ಅವನು ಎಲ್ಲವನ್ನೂ ತಂದ, ನನ್ನನ್ನು ಮಾತ್ರ ಕೇಳಲಿಲ್ಲ

ಈ ಕಥೆ ನಿಮಗೆ ಗೊತ್ತು. ಹುಡುಗ ಬಡವ, ಹುಡುಗಿ ಅನುಕೂಲಸ್ಥರ ಮನೆಯವಳು. ಹುಡುಗಿಯ ಅಪ್ಪ ಅವನನ್ನು ಅಂಗಳದಲ್ಲೇ ನಿಲ್ಲಿಸಿ ಅವಮಾನ ಮಾಡುತ್ತಾನೆ. ಹುಡುಗ ಹಲ್ಲು ಕಚ್ಚಿಕೊಂಡು ಊರು ಬಿಡುತ್ತಾನೆ. ಒಂದು ಹಾಡು ಮುಗಿಯುವಷ್ಟರಲ್ಲಿ ದುಡ್ಡು ಮಾಡಿ, ದೊಡ್ಡ ಕಾರಿನಲ್ಲಿ ಅದೇ ಮನೆಗೆ ವಾಪಸ್ ಬರುತ್ತಾನೆ. ಥಿಯೇಟರಿನಲ್ಲಿ ಶಿಳ್ಳೆ ಬೀಳೋದು ಅಲ್ಲೇ.

ಈ ಕಥೆಯನ್ನು ಯಾವಾಗಲೂ ಹುಡುಗನ ಕಡೆಯಿಂದಲೇ ಹೇಳುತ್ತಾರೆ. ಒಳಗಿದ್ದ ಹುಡುಗಿಗೆ ಏನನ್ನಿಸಿತು ಅಂತ ಯಾರೂ ಕೇಳಲ್ಲ. ನನಗೆ ಅದು ಗೊತ್ತು, ಯಾಕೆಂದರೆ ಆ ಹುಡುಗಿ ನಾನೇ.

ನನಗೀಗ 30 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರು ಕೊಡಗಿನ ಮಾದಾಪುರದ ಕಡೆ. ನಾವು ಅರೆಭಾಷೆ ಗೌಡರು. ಎಲ್ಲರಿಗೂ ಅರ್ಥವಾಗಲಿ ಅಂತ ಮನೆಯವರ ಮಾತುಗಳನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಮ್ಮದು ಎಂಟು ಎಕರೆ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. 'ಕೊಡಗಿನಲ್ಲಿ ಎಸ್ಟೇಟ್' ಅಂದ ಕೂಡಲೇ ಆಫೀಸಿನವರಿಗೆ ಬಂಗಲೆ, ಜೀಪು, ದೊಡ್ಡ ನಾಯಿ ಕಣ್ಣ ಮುಂದೆ ಬರುತ್ತೆ. ಆದರೆ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ರಷ್ಟು ಮಂದಿ 10 ಹೆಕ್ಟೇರ್‌ಗಿಂತ ಕಡಿಮೆ ತೋಟ ಇರುವ ಸಣ್ಣ ಬೆಳೆಗಾರರು. ನಾವೂ ಅವರಲ್ಲೊಬ್ಬರು. ಆದರೂ ಏನೂ ಇಲ್ಲದವರ ಎದುರು ಎಂಟು ಎಕರೆಯವರಿಗೂ ಒಂದು ಗತ್ತು ಇದ್ದೇ ಇರುತ್ತೆ.

ಅವನ ಅಪ್ಪ ಹತ್ತಿರದ ದೊಡ್ಡ ಎಸ್ಟೇಟಿನಲ್ಲಿ ರೈಟರ್. ಕೊಡಗು, ಚಿಕ್ಕಮಗಳೂರಿನವರಿಗೆ ಈ ಪದ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ, ರೈಟರ್ ಅಂದರೆ ಸಾಹಿತಿ ಅಲ್ಲ. ತೋಟದ ಆಳುಗಳ ಹಾಜರಿ ಬರೆಯುವವರು, ಕೆಲಸ ನೋಡಿಕೊಳ್ಳುವವರು, ಸಂಬಳದ ಲೆಕ್ಕ ಹಾಕುವವರು. ಲೈನ್ ಮನೆಯಲ್ಲಿರುವ ಕೂಲಿಯವರಿಗಿಂತ ಒಂದು ಮೆಟ್ಟಿಲು ಮೇಲೆ, ಸಾವುಕಾರರಿಗಿಂತ ಹತ್ತು ಮೆಟ್ಟಿಲು ಕೆಳಗೆ. ಇರೋದಕ್ಕೆ ಎಸ್ಟೇಟಿನದೇ ಕ್ವಾರ್ಟರ್ಸ್. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು.

ಹಟ್ಟಿಹೊಳೆ, ಮಕ್ಕಂದೂರು ಮೇಲೆ ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ನಮ್ಮ ಪರಿಚಯ ಆಯ್ತು. ಆಗ ಇಬ್ಬರೂ ಪಿಯುಸಿ. ಮಳೆಗಾಲದಲ್ಲಿ ಬಸ್ಸಿನ ಕಿಟಕಿಗೆ ಹಾಕಿದ ಟಾರ್ಪಾಲು ಸೋರುತ್ತಿತ್ತು, ಅವನು ತನ್ನ ಛತ್ರಿಯನ್ನು ಒಳಗಡೆಯೇ ಬಿಚ್ಚಿ ಹಿಡಿಯುತ್ತಿದ್ದ. ಕಂಡಕ್ಟರ್ ನಗುತ್ತಿದ್ದರು. ಆಮೇಲೆ ಮೈಸೂರಿನಲ್ಲಿ ಬೇರೆ ಬೇರೆ ಎಂಜಿನಿಯರಿಂಗ್ ಕಾಲೇಜು. 2017ರಲ್ಲಿ ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಹೊಸಬರಿಗೆ ಕೊಡುವ ಸಂಬಳ ಎಷ್ಟು ಅಂತ ನಿಮಗೇ ಗೊತ್ತು. ಪಿಜಿ ಬಾಡಿಗೆ, ಬಸ್ ಪಾಸ್ ಕಳೆದರೆ ಉಳಿಯುತ್ತಿದ್ದುದು ಭಾನುವಾರದ ಒಂದು ಮಸಾಲೆ ದೋಸೆ.

ಆ ವರ್ಷ ಹುತ್ತರಿಗೆ ಊರಿಗೆ ಬಂದಾಗ ಅವನು ನಮ್ಮ ಮನೆಗೆ ಬಂದ. ಅಪ್ಪ ಕುರ್ಚಿಯಿಂದ ಏಳಲಿಲ್ಲ, ಅವನಿಗೆ ಕುರ್ಚಿ ಹಾಕಿಸಲೂ ಇಲ್ಲ. ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಆಯ್ತಪ್ಪ, ನಿನ್ನ ಹೆಸರಲ್ಲಿ ಎಷ್ಟು ಎಕರೆ ಇದೆ?" ಅಂದರು. ಉತ್ತರ ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದ್ದು.

ಅಲ್ಲಿಯವರೆಗೆ ಇದು ಅವನ ಮತ್ತು ನನ್ನ ವಿಷಯವಾಗಿತ್ತು. ಆ ಪ್ರಶ್ನೆಯ ನಂತರ ಅವನ ಮತ್ತು ನಮ್ಮಪ್ಪನ ವಿಷಯವಾಯಿತು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ನಾನು ಅವನಿಗೆ ಸ್ಪಷ್ಟವಾಗಿ ಹೇಳಿದ್ದೆ. ಎರಡು ಸಂಬಳ ಸೇರಿದರೆ ಒಂದು ಬಾಡಿಗೆ ಮನೆ ನಡೆಯುತ್ತೆ. ಅಪ್ಪನ ಹತ್ತಿರ ಇನ್ನೊಂದು ಸಲ ಇಬ್ಬರೂ ಒಟ್ಟಿಗೆ ಹೋಗಿ ಮಾತಾಡೋಣ, ಆಗಲೂ ಒಪ್ಪದಿದ್ದರೆ ರಿಜಿಸ್ಟರ್ ಮದುವೆ ಆಗೋಣ, ಆಮೇಲೆ ಅವರೇ ಸರಿಹೋಗ್ತಾರೆ. ಅವನು ತಲೆ ಅಲ್ಲಾಡಿಸಿದ. "ಮೊದಲು ನಾನು ಏನಾದರೂ ಆಗ್ತೀನಿ. ನಿಮ್ಮಪ್ಪನೇ ಎದ್ದು ನಿಂತು ಬಾ ಅನ್ನಬೇಕು" ಅಂದ. ನಾನೇನು ಮಾಡಲಿ ಅಂತ ಕೇಳಿದೆ. "ಕಾಯಿ" ಅಂದ. ಎಷ್ಟು ವರ್ಷ, ಏನಾದಾಗ ಸಾಕು ಅನ್ನೋದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಎರಡು ತಿಂಗಳಲ್ಲಿ ಫೋನ್ ಕಡಿಮೆಯಾಯಿತು, ಮೂರನೇ ತಿಂಗಳಲ್ಲಿ ನಿಂತಿತು. ನಾನು ಬಿಟ್ಟು ಹೋದೆ ಅಂತ ಅವನು ಸ್ನೇಹಿತರಿಗೆ ಹೇಳಿದ್ದನಂತೆ. ಇರಲಿ.

2018ರ ಆಗಸ್ಟ್ ಬಂತು. ಕೊಡಗಿನವರು ಕಾಲವನ್ನು ಈಗ ಅದರ ಹಿಂದೆ, ಅದರ ಮುಂದೆ ಅಂತಲೇ ಲೆಕ್ಕ ಹಾಕೋದು. ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲ ಕಡೆ ಬೆಟ್ಟಗಳೇ ಜಾರಿದವು. ನಾವಿಬ್ಬರೂ ದಿನಾ ಕಾಲೇಜಿಗೆ ಹೋಗುತ್ತಿದ್ದ ರಸ್ತೆ ಹಲವು ಕಡೆ ಕಿತ್ತುಹೋಯಿತು. ನಮ್ಮ ಎಂಟು ಎಕರೆಯಲ್ಲಿ ಎರಡು ಎಕರೆ ಮರ, ಗಿಡ, ಮಣ್ಣು ಸಮೇತ ಕೆಳಗಿನ ಹೊಳೆಗೆ ಇಳಿದುಬಿಟ್ಟಿತು. ಮೂರು ದಿನ ಅಪ್ಪ, ಅವ್ವ, ಅಜ್ಜಿ ಎಲ್ಲಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ. ಊರಿನ ಯಾರ ಫೋನೂ ಸಿಗುತ್ತಿರಲಿಲ್ಲ. ಬೆಂಗಳೂರಿನಿಂದ ಕುಶಾಲನಗರದವರೆಗೆ ಬಸ್ಸಿನಲ್ಲಿ ಒಬ್ಬಳೇ ಕೂತು ಹೋದೆ, ಒಂದು ಪರಿಹಾರ ಕೇಂದ್ರದ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದೆ. ಸಿಕ್ಕಿದರು, ಮೂವರೂ.

ಮರುದಿನ ನನ್ನ ಖಾತೆಗೆ 25,000 ರೂಪಾಯಿ ಬಂದಿತ್ತು. ಕಳಿಸಿದವನು ಅವನು. ಫೋನ್ ಇಲ್ಲ, ಮಾತಿಲ್ಲ. ಆಗಿನ ಅವನ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ, ಯಾರ ಹತ್ತಿರವೋ ಸಾಲ ಮಾಡಿಯೇ ಕಳಿಸಿರಬೇಕು. ಆ ವಾರ ನನಗೆ ಬೇಕಾಗಿದ್ದುದು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುವ ಒಬ್ಬ ಮನುಷ್ಯ. ದುಡ್ಡನ್ನು ವಾಪಸ್ ಕಳಿಸಿದೆ, ಜೊತೆಗೆ ಒಂದು ಮೆಸೇಜ್: "ಫೋನ್ ಮಾಡು." ಅವನು ಮಾಡಲಿಲ್ಲ.

ಅವನನ್ನು ಕೆಟ್ಟವನು ಅಂತ ತೋರಿಸೋದು ನನ್ನ ಉದ್ದೇಶ ಅಲ್ಲ. ಹುಡುಗರ ತಲೆಗೆ ಈ ಲೆಕ್ಕ ತುಂಬಿದ್ದು ನಾವೆಲ್ಲ ಸೇರಿ. ಮ್ಯಾಟ್ರಿಮನಿ ಪ್ರೊಫೈಲ್ ತೆರೆದರೆ ಹೆಸರಿನ ಪಕ್ಕದಲ್ಲೇ ಸಂಬಳ. ಹಳ್ಳಿಯಲ್ಲಿ ಜಮೀನು ಇದ್ದರೂ ಬೆಂಗಳೂರಿನಲ್ಲಿ ಕೆಲಸ ಇಲ್ಲದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಮದುವೆಯಾಗದ ಯುವಕರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರಲ್ಲಿ ಹೆಚ್ಚಿನವರು ರೈತರು. ಸೋಷಿಯಲ್ ಮೀಡಿಯಾದಲ್ಲಿ ತಮಾಷೆ ಮಾಡಿದವರು ಬಹಳ. ನನಗೆ ನಗು ಬರಲಿಲ್ಲ. ಬೆಟ್ಟ ಹತ್ತಿದ ಹುಡುಗರು, ಊರು ಬಿಟ್ಟ ಅವನು, ಎಲ್ಲರಿಗೂ ಕೇಳಿದ ಪ್ರಶ್ನೆ ಒಂದೇ. ನಿನ್ನ ಹತ್ತಿರ ಎಷ್ಟಿದೆ?

ದುಡ್ಡು ಬೇಡ ಅಂತಲೂ ನಾನು ಹೇಳಲ್ಲ. ಹಾಗೆ ಹೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಅದು ಸಾಕಷ್ಟು ಇರುತ್ತೆ. ತೋಟ ಜಾರಿದ ಮೇಲೆ ಸಹಕಾರ ಸಂಘದ ಸಾಲ, ಬ್ಯಾಂಕ್ ಸಾಲ ಸೇರಿ ನಮ್ಮ ತಲೆ ಮೇಲೆ 11 ಲಕ್ಷ ಇತ್ತು. ಆಗ ರೊಬಸ್ಟಾ ಚೆರಿ 50 ಕೆಜಿ ಚೀಲಕ್ಕೆ 4,000 ರೂಪಾಯಿಯೂ ಸಿಗುತ್ತಿರಲಿಲ್ಲ. 2024ರಲ್ಲಿ ಅದೇ ಚೀಲ 10,000 ದಾಟಿತು. ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು ನಮ್ಮ ಕಡೆ ಬೆಲೆ ಏರಿತ್ತು. ಊರಿನಲ್ಲಿ ಹೊಸ ಜೀಪು, ಹೊಸ ಗೇಟು ಕಾಣಿಸಿದವು. ನಮಗೆ ಬೆಲೆ ಬಂತು, ಕಾಫಿ ಇರಲಿಲ್ಲ. ಹೊಸ ಗಿಡ ನೆಟ್ಟರೆ ಫಸಲು ಕಾಣೋದಕ್ಕೆ ಮೂರು ನಾಲ್ಕು ವರ್ಷ ಬೇಕು. ನಾವು ನೆಡುವುದಕ್ಕೆ ಕೈಯಲ್ಲಿ ಕಾಸು ಬಂದಿದ್ದೇ ತಡವಾಗಿ.

ಅಂಥ ಹೊತ್ತಿನಲ್ಲಿ, 2025ರ ಜನವರಿಯಲ್ಲಿ, ಅವನು ಬಂದ.

ಕೊಯ್ಲಿನ ಕಾಲ. ಕಣದ ತುಂಬಾ ಕಾಫಿ ಹರಡಿತ್ತು, ಅಷ್ಟು ದೊಡ್ಡ ಕಾರು ಒಳಗೆ ಬರೋದಕ್ಕೆ ಜಾಗ ಇರಲಿಲ್ಲ. ಗೇಟಿನ ಹೊರಗೇ ನಿಲ್ಲಿಸಿ ನಡೆದು ಬಂದ. ಅಪ್ಪ ಕುರ್ಚಿಯಿಂದ ಎದ್ದರು. "ಬನ್ನಿ, ಬನ್ನಿ, ಕೂತ್ಕೊಳ್ಳಿ" ಅಂದರು. 2017ರಲ್ಲಿ 'ನಿನ್ನ ಹೆಸರಲ್ಲಿ' ಅಂದಿದ್ದವರು ಈಗ 'ನೀವು' ಅನ್ನುತ್ತಿದ್ದರು. ಅವನ ಮುಖ ನೋಡಿದೆ. ಏಳು ವರ್ಷ ನಿದ್ದೆಗೆಟ್ಟು ದುಡಿದದ್ದು ಈ ಒಂದು ಬಹುವಚನಕ್ಕೇ ಅನ್ನಿಸಿತು. ನಿಜವಾಗಿಯೂ ಖುಷಿಯಾಗಿದ್ದ, ಪಾಪ.

ಐದು ವರ್ಷ ಅಮೆರಿಕ, ಆಮೇಲೆ ಒಂದು ಸ್ಟಾರ್ಟ್‌ಅಪ್, ಅದರ ಷೇರು ಮಾರಿ ಬಂದ ಹಣ. ವೈಟ್‌ಫೀಲ್ಡ್‌ನಲ್ಲಿ ಫ್ಲಾಟ್. ಊರಿನಲ್ಲಿ ಐದು ಎಕರೆ ತೋಟ, ಅದೂ ಅವನ ಅಪ್ಪ ಹಾಜರಿ ಬರೆಯುತ್ತಿದ್ದ ಎಸ್ಟೇಟಿನ ಬೇಲಿಗೆ ತಾಗಿದಂತೆ. ಎಲ್ಲವನ್ನೂ ಅಪ್ಪನಿಗೆ ಒಂದೊಂದಾಗಿ ಹೇಳಿದ. ಕೊನೆಗೆ, ನಮ್ಮ ಸಾಲದ ವಿಷಯ ಊರಿನಲ್ಲಿ ಕೇಳಿದೆ, ಅದನ್ನು ನಾನು ತೀರಿಸ್ತೀನಿ ಅಂದ. ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. "ಅವತ್ತು ಅಪ್ಪ ಬೇಡ ಅಂದರು ಅಂತ ಅತ್ತೆ. ಇವತ್ತು ಅಪ್ಪನೇ ಒಪ್ಪಿದ್ದಾರೆ. ಇನ್ನೇನು ಬೇಕು ನಿಂಗೆ?" ಅವ್ವನ ಧ್ವನಿಯಲ್ಲಿ ಕೋಪ ಇರಲಿಲ್ಲ, ಸುಸ್ತಿತ್ತು. ಬ್ಯಾಂಕಿನ ನೋಟಿಸು ಅಡುಗೆಮನೆಯ ಡಬ್ಬಿಗಳ ಹಿಂದೆಯೇ ಇತ್ತು.

ನಾನು ಅವನ ಜೊತೆ ತೋಟದ ಕಡೆ ನಡೆದೆ. ಬೆಟ್ಟ ಜಾರಿದ ಜಾಗದ ತನಕ ಹೋದೆವು. ದಾರಿಯುದ್ದಕ್ಕೂ ಅವನೇ ಮಾತಾಡಿದ. ಫ್ಲಾಟಿನ ಬಾಲ್ಕನಿ ಯಾವ ದಿಕ್ಕಿಗಿದೆ, ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದ್ದು, ಮುಂದೆ ಹೋಮ್‌ಸ್ಟೇ ಮಾಡುವ ಯೋಚನೆ. "ನೀನು ಒಂಚೂರೂ ಬದಲಾಗಿಲ್ಲ" ಅಂದ. ನಾನು ಕೇಳಿದೆ, "ಅಜ್ಜಿ ತೀರಿಕೊಂಡಿದ್ದು ಗೊತ್ತಾ?" ಗೊತ್ತಿರಲಿಲ್ಲ. ಮಳೆ ಜೋರಾದರೆ ನನಗೆ ಈಗಲೂ ರಾತ್ರಿ ನಿದ್ದೆ ಬರಲ್ಲ ಅನ್ನೋದೂ ಗೊತ್ತಿರಲಿಲ್ಲ. ಏಳು ವರ್ಷ ಅವನು ಪ್ರೀತಿಸಿದ್ದು 22 ವರ್ಷದ ಒಬ್ಬ ಹುಡುಗಿಯನ್ನು. ಅವಳ ಫೋಟೋವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ, ಅವಳು ಏನಾದಳು ಅಂತ ವಿಚಾರಿಸಿರಲಿಲ್ಲ.

ಆಗಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೆಷ್ಟು ಬೇಕಿತ್ತು?" ಅಂದ. ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

"2018ರ ಆಗಸ್ಟ್‌ನಲ್ಲಿ ಒಂದು ಫೋನ್ ಬೇಕಿತ್ತು" ಅಂದೆ.

ನಮ್ಮ ಕೆಲಸದಲ್ಲಿ ಇದು ಪ್ರತಿದಿನ ಕಾಣುವ ವಿಷಯ. ಬಳಸುವವರನ್ನು ಕೇಳದೇ ರಿಕ್ವೈರ್‌ಮೆಂಟ್ ಬರೆದುಬಿಟ್ಟರೆ, ಆಮೇಲೆ ಟೀಮ್ ರಾತ್ರಿ ಹಗಲು ದುಡಿದು ಎಷ್ಟೇ ಚೆನ್ನಾಗಿ ಕೋಡ್ ಬರೆದರೂ ಪ್ರಯೋಜನ ಇಲ್ಲ. ಅವನಿಗೆ ರಿಕ್ವೈರ್‌ಮೆಂಟ್ ಕೊಟ್ಟಿದ್ದು ನಮ್ಮಪ್ಪ. ಅವನು ಕಟ್ಟಿದ್ದೂ ಅಪ್ಪನಿಗಾಗಿಯೇ. ಡೆಲಿವರಿ ಮಾತ್ರ ನನ್ನ ಹೆಸರಿಗೆ ಬಂತು.

ದುಡ್ಡು ಮಾಡಿ ಗೆದ್ದವರೂ ಇದ್ದಾರಲ್ಲ ಅಂತ ನೀವು ಕೇಳಬಹುದು. ಇದ್ದಾರೆ. ಅಮೆರಿಕದ ಲೇಖಕ ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಅಂಥವನು. ಜಾಹೀರಾತು ಕಂಪನಿಯ ಸಣ್ಣ ಸಂಬಳದವನ ಜೊತೆ ಬದುಕು ನಡೆಯುತ್ತೆ ಅನ್ನುವ ನಂಬಿಕೆ ಬರದೆ ಜೆಲ್ಡಾ ಸೇಯರ್ 1919ರಲ್ಲಿ ನಿಶ್ಚಿತಾರ್ಥ ಮುರಿದಳು. ಅವನು ಊರಿಗೆ ಹೋಗಿ ತನ್ನ ಕಾದಂಬರಿಯನ್ನು ಮತ್ತೆ ಬರೆದ. 'ದಿಸ್ ಸೈಡ್ ಆಫ್ ಪ್ಯಾರಡೈಸ್' 1920ರ ಮಾರ್ಚ್ 26ರಂದು ಪ್ರಕಟವಾಗಿ ಹೆಸರು ಮಾಡಿತು. ಏಪ್ರಿಲ್ 3ರಂದು ಇಬ್ಬರ ಮದುವೆ. ಸಿನಿಮಾ ಆಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು.

ಐದು ವರ್ಷದ ಮೇಲೆ, 1925ರಲ್ಲಿ, ಅದೇ ಮನುಷ್ಯ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಬರೆದ. ಕೈತಪ್ಪಿದ ಹುಡುಗಿಗಾಗಿ ಹಣ ಮಾಡಿ, ಅವಳ ಮನೆ ಇರುವ ದಡದ ಎದುರಿಗೇ ಬಂಗಲೆ ಕೊಂಡು, ಯಾವತ್ತಾದರೂ ಬರುತ್ತಾಳೆ ಅಂತ ಪಾರ್ಟಿ ಮೇಲೆ ಪಾರ್ಟಿ ಕೊಡುವವನ ಕಥೆ. ಕೊನೆಗೆ ಅವಳು ಗಂಡನ ಜೊತೆಗೇ ಉಳಿಯುತ್ತಾಳೆ. ಗೆದ್ದವನು ಸೋತವನ ಕಥೆ ಯಾಕೆ ಬರೆದ ಅಂತ ನಾನು ಬಹಳ ಯೋಚಿಸಿದ್ದೇನೆ. ಯಶಸ್ಸು ತೋರಿಸಿ ಕರೆತಂದವನಿಗೆ ಒಂದು ಅನುಮಾನ ಬಿಡುವುದೇ ಇಲ್ಲ ಅನ್ನಿಸುತ್ತೆ: ಆ ಪುಸ್ತಕ ಓಡದೇ ಇದ್ದಿದ್ದರೆ? ನಾನು ಹೂಂ ಅಂದಿದ್ದರೆ ಅವನಿಗೂ ಆ ಅನುಮಾನ ಬರುತ್ತಿತ್ತು. ಪ್ರತಿ ಸಲ ಜಗಳವಾದಾಗ 11 ಲಕ್ಷ ನಮ್ಮಿಬ್ಬರ ನಡುವೆ ಬಂದು ಕೂರುತ್ತಿತ್ತು.

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಕೊಡಗಿನದೇ ಗೌರಮ್ಮನ ಕಥೆ ಇದೆ. ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಇಳಿಸಿತು. ಕಂಪನಿಯಲ್ಲಿ ಸಿಕ್ಕಿಕೊಂಡಿದ್ದ ಹಣವನ್ನು ವಾಪಸ್ ಪಡೆಯಲು ಅವನು 1852ರಲ್ಲಿ ಇಂಗ್ಲೆಂಡಿಗೆ ಹೋದ, ಜೊತೆಗೆ 11ರ ಆಸುಪಾಸಿನ ಮಗಳು. ಅವಳನ್ನು ಕ್ರೈಸ್ತಳಾಗಿಸಿ ವಿಕ್ಟೋರಿಯಾ ರಾಣಿಯ ಆಶ್ರಯಕ್ಕೆ ಕೊಟ್ಟ. ರಾಣಿ ತನ್ನ ಹೆಸರನ್ನೇ ಇಟ್ಟಳು, ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್‌ನ ಜೊತೆ ಮದುವೆ ಮಾಡಿಸಬೇಕೆಂದುಕೊಂಡಳು. ಅವನು ಒಪ್ಪಲಿಲ್ಲ. ಕೊನೆಗೆ ತನಗಿಂತ ಬಹಳ ದೊಡ್ಡ ವಯಸ್ಸಿನ ಕರ್ನಲ್ ಕ್ಯಾಂಪ್‌ಬೆಲ್‌ನ ಜೊತೆ ಮದುವೆಯಾಗಿ 1864ರಲ್ಲಿ, ಇಪ್ಪತ್ತೆರಡರ ಹರೆಯದಲ್ಲೇ ತೀರಿಕೊಂಡಳು. ಕ್ಯಾಂಪ್‌ಬೆಲ್‌ನ ಕಣ್ಣಿದ್ದುದು ಅವಳ ಒಡವೆಗಳ ಮೇಲೆ ಅಂತ ಹೇಳುತ್ತಾರೆ.

ಅಲ್ಲಿ ಹಣಕ್ಕಾಗಿ ಹುಡುಗಿಯನ್ನು ಮುಂದೆ ಮಾಡಿದರು. ನನ್ನ ಕಥೆಯಲ್ಲಿ ಹುಡುಗಿಗಾಗಿ ಹಣವನ್ನು ಮುಂದೆ ಮಾಡಿದರು. ಮೇಲುನೋಟಕ್ಕೆ ಎರಡೂ ಉಲ್ಟಾ. ಆದರೆ ಅಪ್ಪ, ರಾಣಿ, ಕರ್ನಲ್ ಎಲ್ಲರೂ ಲೆಕ್ಕ ಹಾಕುತ್ತಿದ್ದಾಗ ನಡುವೆ ನಿಂತಿದ್ದ ಗೌರಮ್ಮನಿಗೆ ಏನು ಬೇಕು ಅನ್ನೋದು ಯಾರ ಲೆಕ್ಕದಲ್ಲೂ ಇರಲಿಲ್ಲ. ಅವಳಿಗೆ ಬೇಡ ಅನ್ನುವ ಅವಕಾಶವೂ ಇರಲಿಲ್ಲ. ನನಗೆ ಇತ್ತು. ನನ್ನ ಹತ್ತಿರ ನನ್ನದೇ ಸಂಬಳ ಇತ್ತು. ಹಾಗಾಗಿ ದುಡ್ಡಿನ ಬಗ್ಗೆ ನನಗೆ ಗೌರವ ಇದೆ. ಅದು ಪ್ರೀತಿಯನ್ನು ತರಲ್ಲ, ಆದರೆ ಬೇಡ ಅನ್ನುವ ಧೈರ್ಯವನ್ನು ಖಂಡಿತ ತರುತ್ತೆ.

ಆ ಧೈರ್ಯದ ಬೆಲೆಯನ್ನು ಈಗ ತಿಂಗಳು ತಿಂಗಳು ಕಟ್ಟುತ್ತಿದ್ದೇನೆ. ಬ್ಯಾಂಕಿನವರ ಹತ್ತಿರ ಕೂತು ಸಾಲದ ಅವಧಿ ಹೆಚ್ಚಿಸಿಕೊಂಡೆವು, ಕಂತು ನನ್ನ ಖಾತೆಯಿಂದ ಹೋಗುತ್ತೆ. ಬೆಂಗಳೂರಿನಲ್ಲಿ ಮನೆ ಕೊಳ್ಳುವ ಯೋಚನೆ ಸದ್ಯಕ್ಕಿಲ್ಲ. ಅಪ್ಪ ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಈಗ ಮಾತಾಡ್ತಾರೆ, ಆ ವಿಷಯ ಬಿಟ್ಟು. ಮಡಿಕೇರಿಗೆ ಹೋಗುವಾಗ ಅವನ ತೋಟದ ಹತ್ತಿರ ಇವತ್ತಿಗೂ ಜೀಪು ನಿಧಾನ ಮಾಡ್ತಾರೆ. ನಾನು ಕಿಟಕಿಯ ಆಚೆ ನೋಡ್ತೀನಿ.

ನೀವು ಇದನ್ನು ಓದುತ್ತಿರುವುದು ಬಹುಶಃ ಆಫೀಸಿನ ಕ್ಯಾಬಿನಲ್ಲೋ, ರಾತ್ರಿ ಹನ್ನೊಂದರ ಕಾಲ್ ಮುಗಿಸಿಯೋ. ನಿಮ್ಮಲ್ಲಿ ಕೆಲವರಾದರೂ ಯಾರಿಗೋ ತೋರಿಸಬೇಕು ಅಂತಲೇ ಓಡುತ್ತಿದ್ದೀರಿ. ಓಡಿ. ಆದರೆ ಎಷ್ಟಿದ್ದರೆ ಸಾಕು ಅಂತ ನಿಮ್ಮನ್ನು ಕೇಳಿದವರು ಯಾರು ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಅವಳೇ ಕೇಳಿದ್ದರೆ ಅದು ಬೇರೆ ಮಾತು. ಅವಳ ಅಪ್ಪನೋ, ಮಾವನೋ, ಹಾಸ್ಟೆಲಿನ ಗೆಳೆಯನೋ ಕೇಳಿದ್ದರೆ, ಉತ್ತರ ಹೊತ್ತುಕೊಂಡು ಅವಳ ಬಾಗಿಲಿಗೆ ಹೋಗುವ ಮುಂಚೆ ಅವಳಿಗೆ ಒಂದು ಫೋನ್ ಮಾಡಿ. ಬೇಡ ಅಂದರೂ ಅಂದಾಳು. ಆ ಮಾತು ಏಳು ವರ್ಷ ಕಳೆದ ಮೇಲೆ ಕೇಳೋದಕ್ಕಿಂತ ಮೊದಲೇ ಕೇಳಿಸಿಕೊಳ್ಳೋದು ಹಗುರ.

ಅವನು ದುಡಿದದ್ದು ದಂಡ ಅಂತ ನಾನು ಯಾರಿಗೂ ಹೇಳಲ್ಲ. ಮೂವತ್ತು ವರ್ಷ ಬೇರೆಯವರ ತೋಟದ ಹಾಜರಿ ಬರೆದ ಅವನ ಅಪ್ಪ ಕ್ವಾರ್ಟರ್ಸ್ ಬಿಟ್ಟು ಸ್ವಂತ ಮನೆಗೆ ಬಂದಿದ್ದಾರೆ. ಈ ಸಲ ಹೂಮಳೆ ಚೆನ್ನಾಗಿ ಬಿದ್ದು, ಅವರ ಐದು ಎಕರೆಯೂ ಬೆಳ್ಳಗೆ ಹೂ ಬಿಟ್ಟಿತ್ತಂತೆ. ಹಿರಿಯರು ಬೆಳಿಗ್ಗೆ ಎದ್ದು ಗಿಡ ಗಿಡಕ್ಕೂ ಹೋಗಿ ನೋಡುತ್ತಿದ್ದರು ಅಂತ ಅವ್ವ ಫೋನಿನಲ್ಲಿ ಹೇಳಿದರು. ಕೇಳಿ ನನಗೆ ಸಂತೋಷವಾಯಿತು. ಇಷ್ಟಕ್ಕೇ ದುಡಿದಿದ್ದೆ ಅಂತ ಅವನೂ ಅಂದುಕೊಂಡರೆ, ಆ ಏಳು ವರ್ಷಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.